ಘಾಟಿಯ ಒದ್ದೆ ಬಟ್ಟೆ ಮತ್ತು ಇ20: ಪೆಟ್ರೋಲ್ ತಂಪಾದರೆ ಎಂಜಿನ್‌ಗೆ ಬಲ ಬರುತ್ತದೆಯೇ?

ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ ದೇಶದ ಬಂಕುಗಳಿಗೆಲ್ಲ ಬಂದ ಮೇಲೆ, 2025ರ ಆಗಸ್ಟ್ ಹೊತ್ತಿಗೆ ಮೈಲೇಜ್ ಇಳಿದಿದೆ ಎಂಬ ದೂರು ದೊಡ್ಡ ವಿವಾದವಾಯಿತು. ಕೇಂದ್ರ ಪೆಟ್ರೋಲಿಯಂ ಸಚಿವಾಲಯ ಸ್ಪಷ್ಟನೆ ಕೊಟ್ಟಿತು, ಇ20 ವಿರುದ್ಧದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 1ರಂದು ವಜಾ ಮಾಡಿತು. ವಾಹನ ಮಾಲೀಕರ ಅನುಮಾನ ಮಾತ್ರ ಹೋಗಲಿಲ್ಲ. ಅನುಮಾನ ಇರುವಲ್ಲಿಗೆ ಮದ್ದು ಮಾರುವವರೂ ಬರುತ್ತಾರೆ. ಪೆಟ್ರೋಲ್ ಪೈಪಿಗೆ ತಾಮ್ರದ ಸುರುಳಿ ಜೋಡಿಸಿ, ಅದನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಇಂಧನವನ್ನು ತಂಪು ಮಾಡಿದರೆ ಪಿಕಪ್ ಹೆಚ್ಚುತ್ತದೆ, ಮೈಲೇಜ್ ಮರಳುತ್ತದೆ ಎನ್ನುವುದು ಅಂಥ ಮದ್ದುಗಳಲ್ಲಿ ಒಂದು.

ಕೊಡಗಿನಂಥ ಜಿಲ್ಲೆಯಲ್ಲಿ ಈ ಮಾತು ಬೇಗ ನಾಟುತ್ತದೆ. ಇಲ್ಲಿ ಯಾವ ಕಡೆಯಿಂದ ಬಂದರೂ ಏರು ತಪ್ಪದು. ಸಂಪಾಜೆಯಿಂದ ಮಡಿಕೇರಿಗೆ, ಮಾಕುಟ್ಟದಿಂದ ವಿರಾಜಪೇಟೆಗೆ ಎಂಜಿನ್ ಏದುಸಿರು ಬಿಡುತ್ತಲೇ ಏರುತ್ತದೆ. ಮೇಲಾಗಿ, ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಘಾಟಿ ಹತ್ತಿಸಿದ ಚಾಲಕರ ನೆನಪು ಇಲ್ಲಿ ಇನ್ನೂ ಹಸಿಯಾಗಿದೆ. ಅಜ್ಜನ ಕಾಲದಲ್ಲಿ ತಂಪು ಕೆಲಸ ಮಾಡಿದ್ದರೆ ಈಗೇಕೆ ಮಾಡಬಾರದು ಎಂಬ ಪ್ರಶ್ನೆ ಸಹಜ. ಆ ಬಟ್ಟೆ ನಿಜವಾಗಿ ಏನು ಮಾಡುತ್ತಿತ್ತು ಎಂಬುದರಿಂದಲೇ ಉತ್ತರವನ್ನು ಆರಂಭಿಸಬೇಕು.

ಒದ್ದೆ ಬಟ್ಟೆಯ ಗುಟ್ಟು

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ತೋಟಗಳಲ್ಲಿ ಓಡಾಡುತ್ತಿದ್ದ ಹಳೆಯ ಪೆಟ್ರೋಲ್ ಜೀಪು — ಇವುಗಳಲ್ಲಿ ಪೆಟ್ರೋಲ್ ಪಂಪ್ ಎಂಜಿನ್‌ನ ಮೈಗೇ ಅಂಟಿಕೊಂಡಿರುತ್ತಿತ್ತು. ಎಂಜಿನ್ ತಿರುಗಿದಂತೆ ಅದರ ಪೊರೆ ಮೇಲೆ ಕೆಳಗೆ ಆಡುತ್ತ, ಹಿಂಬದಿಯ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್‌ಗೆ ತಳ್ಳುತ್ತಿತ್ತು. ಹೀರುವುದೆಂದರೆ ಪೈಪಿನೊಳಗೆ ಒತ್ತಡ ಇಳಿಯುವುದು. ಒತ್ತಡ ಇಳಿದರೆ ದ್ರವ ಬೇಗ ಕುದಿಯುತ್ತದೆ. ಪೆಟ್ರೋಲಿನ ಹಗುರ ಅಂಶಗಳಂತೂ 35–40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ನಿಧಾನವಾಗಿ ಏರುವ ವಾಹನಕ್ಕೆ ಎದುರುಗಾಳಿ ಕಡಿಮೆ, ಎಂಜಿನ್ ಬಿಸಿ ಹೆಚ್ಚು. ಮೇಲಕ್ಕೆ ಹೋದಷ್ಟೂ ಹೊರಗಿನ ವಾಯುಒತ್ತಡವೂ ಕಡಿಮೆ. ಮೂರೂ ಸೇರಿ ಪಂಪಿನೊಳಗೆ ಪೆಟ್ರೋಲ್ ಆವಿಯಾಗುತ್ತಿತ್ತು. ಆ ಪಂಪ್ ದ್ರವವನ್ನು ತಳ್ಳಬಲ್ಲದು, ಆವಿಯನ್ನಲ್ಲ. ಪೊರೆ ಆಡುತ್ತದೆ, ಒಳಗೆ ಆವಿ ಹಿಗ್ಗಿ ಕುಗ್ಗುತ್ತದೆ, ಕಾರ್ಬ್ಯುರೇಟರ್ ಒಣಗುತ್ತದೆ, ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಇದೇ ವೇಪರ್ ಲಾಕ್. (ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೂ ಡೀಸೆಲ್ ಲೈನಿನಲ್ಲಿ ಗಾಳಿ ಸೇರುವುದಕ್ಕೂ ಒಂದೇ ಹೆಸರು: ಏರ್ ಲಾಕ್. ರೋಗ ಬೇರೆ, ಹೆಸರು ಒಂದೇ ಆದಾಗ ಮದ್ದೂ ಅದಲುಬದಲಾಗುತ್ತದೆ.)

ಬಾನೆಟ್ ತೆರೆದು, ತೊರೆಯ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಪಂಪಿಗೆ ಸುತ್ತಿದರೆ ನೀರು ಆರುತ್ತ ಪಂಪಿನ ಬಿಸಿಯನ್ನು ಎಳೆದುಕೊಳ್ಳುತ್ತಿತ್ತು. ಆವಿ ಮತ್ತೆ ದ್ರವವಾಗುತ್ತಿತ್ತು, ಪೆಟ್ರೋಲ್ ಹರಿಯುತ್ತಿತ್ತು, ಗಾಡಿ ಹೊರಡುತ್ತಿತ್ತು. ಸಾಯುತ್ತಿದ್ದ ಎಂಜಿನ್‌ಗೆ ಜೀವ ಬಂದದ್ದನ್ನು ಕಣ್ಣಾರೆ ಕಂಡವರು ‘ತಂಪು ಬಲ ಕೊಟ್ಟಿತು’ ಎಂದುಕೊಂಡರೆ ತಪ್ಪಲ್ಲ. ಆದರೆ ಬಟ್ಟೆ ಮಾಡಿದ್ದು ನಿಂತ ಹರಿವನ್ನು ಮರಳಿ ಕೊಡಿಸುವ ಕೆಲಸ. ಮೊದಲೇ ಸರಿಯಾಗಿ ಹರಿಯುತ್ತಿದ್ದ ಪಂಪಿಗೆ ಅದನ್ನು ಸುತ್ತಿದ್ದರೆ ಬಟ್ಟೆ ಒದ್ದೆಯಾದದ್ದಷ್ಟೇ ಲಾಭ.

ಈಗಿನ ಕಾರಿನಲ್ಲಿ ಆ ರೋಗಕ್ಕೇ ಜಾಗವಿಲ್ಲದಂತಾಗಿದೆ. ಪಂಪ್ ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿ ಕೂತಿದೆ. ಅದು ಹೀರುವುದಿಲ್ಲ, ತಳ್ಳುತ್ತದೆ. ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ವರೆಗಿನ ಪೈಪಿನಲ್ಲಿ ಸಾಮಾನ್ಯವಾಗಿ ವಾಯುಒತ್ತಡದ ಮೂರು ನಾಲ್ಕು ಪಟ್ಟು ಒತ್ತಡ. ಪ್ರೆಷರ್ ಕುಕ್ಕರಿನಲ್ಲಿ ನೀರು ನೂರು ಡಿಗ್ರಿಗೆ ಕುದಿಯದಂತೆ, ಈ ಪೈಪಿನ ಪೆಟ್ರೋಲೂ ಬೇಗ ಕುದಿಯುವುದಿಲ್ಲ.

ಎಂಜಿನ್‌ನ ಯಜಮಾನ ಗಾಳಿ

ಹಾಗಾದರೆ ವೇಪರ್ ಲಾಕ್ ಮಾತು ಬಿಡೋಣ, ತಂಪು ಪೆಟ್ರೋಲಿನಿಂದ ಬೇರೆ ಲಾಭವಿದೆ ಎನ್ನುತ್ತಾರೆ ಸುರುಳಿಯ ಪರ ವಾದಿಸುವವರು. ಅವರ ವಾದ ಎರಡು. ತಂಪಾದ ಪೆಟ್ರೋಲ್ ಸಾಂದ್ರವಾಗುವುದರಿಂದ ಅಷ್ಟೇ ಹನಿಯಲ್ಲಿ ಹೆಚ್ಚು ಶಕ್ತಿ ಹೋಗುತ್ತದೆ. ಮತ್ತು ಅದು ಒಳಬರುವ ಗಾಳಿಯನ್ನು ತಂಪು ಮಾಡುವುದರಿಂದ ಸಿಲಿಂಡರಿನಲ್ಲಿ ಹೆಚ್ಚು ಗಾಳಿ ತುಂಬುತ್ತದೆ. ಎರಡೂ ಭೌತಶಾಸ್ತ್ರದ ಮಟ್ಟಿಗೆ ಸುಳ್ಳಲ್ಲ. ಎಷ್ಟು ಎಂದು ಕೇಳಿದಾಗ ಬಣ್ಣ ಬಯಲಾಗುತ್ತದೆ.

ಮೊದಲನೆಯದನ್ನು ನೋಡೋಣ. ಒಂದು ಡಿಗ್ರಿ ತಂಪಾದರೆ ಪೆಟ್ರೋಲ್ ಕುಗ್ಗುವುದು ಶೇ 0.1ರಿಂದ 0.12ರಷ್ಟು. ಮಂಜುಗಡ್ಡೆಯ ಡಬ್ಬಿ ಪೆಟ್ರೋಲನ್ನು 20 ಡಿಗ್ರಿ ಇಳಿಸಿತು ಎಂದೇ ಇಟ್ಟುಕೊಂಡರೆ ಸಾಂದ್ರತೆ ಸುಮಾರು ಶೇ 2ರಷ್ಟು ಹೆಚ್ಚುತ್ತದೆ. ಇಂಜೆಕ್ಟರಿನ ಸೂಕ್ಷ್ಮ ರಂಧ್ರದ ಮೂಲಕ ಹರಿಯುವಾಗ ಈ ಹೆಚ್ಚಳದ ಅರ್ಧದಷ್ಟೇ ತೂಕದಲ್ಲಿ ಕಾಣಿಸುತ್ತದೆ, ಅಂದರೆ ಶೇ 1. ಈ ಶೇ 1ರಷ್ಟು ಹೆಚ್ಚುವರಿ ಪೆಟ್ರೋಲ್ ಸುಡಬೇಕಾದರೆ ಅದಕ್ಕೆ ತಕ್ಕಷ್ಟು ಹೆಚ್ಚುವರಿ ಗಾಳಿಯೂ ಬೇಕು. ಒಂದು ಕಿಲೋ ಪೆಟ್ರೋಲ್ ಪೂರ್ಣ ಸುಡಲು 14.7 ಕಿಲೋ ಗಾಳಿ ಬೇಕು. ಹೆಚ್ಚು ಪೆಟ್ರೋಲ್ ಹೋದ ಮಾತ್ರಕ್ಕೆ ಗಾಳಿ ಹೆಚ್ಚುವುದಿಲ್ಲ. ಅನ್ನಕ್ಕೆ ಅಕ್ಕಿ ಹೆಚ್ಚು ಹಾಕಿ ನೀರು ಅಷ್ಟೇ ಬಿಟ್ಟಂತೆ. ಅಷ್ಟರಲ್ಲಿ ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸಂವೇದಕ ಹೊಗೆಯಲ್ಲಿ ಆಮ್ಲಜನಕ ಕಡಿಮೆಯಾದುದನ್ನು ಗಮನಿಸಿ ಎಂಜಿನ್‌ನ ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರ್ ಇಂಜೆಕ್ಟರ್ ತೆರೆದಿರುವ ಸಮಯವನ್ನು ಆ ಶೇ 1ರಷ್ಟು ಕಡಿತ ಮಾಡುತ್ತದೆ. ಕಷ್ಟಪಟ್ಟು ತುರುಕಿದ ಪೆಟ್ರೋಲನ್ನು ಕಾರೇ ಸದ್ದಿಲ್ಲದೆ ಹಿಂದಕ್ಕೆ ಪಡೆಯುತ್ತದೆ.

ಎರಡನೆಯ ವಾದ ಇದಕ್ಕಿಂತ ಗಟ್ಟಿ. ಗಾಳಿ ನಿಜವಾಗಿ ತಂಪಾದರೆ ನಿಜವಾಗಿ ಬಲ ಬರುತ್ತದೆ. ಪ್ರತಿ ಮೂರು ಡಿಗ್ರಿಗೆ ಸುಮಾರು ಶೇ 1ರಷ್ಟು ಹೆಚ್ಚು ಗಾಳಿ ಸಿಲಿಂಡರಿಗೆ ಹೋಗುತ್ತದೆ. ಟರ್ಬೊ ಕಾರುಗಳ ಮುಂಭಾಗದಲ್ಲಿ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಇರುವುದು ಇದೇ ಕಾರಣಕ್ಕೆ. ಆದರೆ ಪೆಟ್ರೋಲಿಗೆ ಆ ಶಕ್ತಿ ಎಷ್ಟಿದೆ? ಒಂದು ಕಿಲೋ ಪೆಟ್ರೋಲನ್ನು 20 ಡಿಗ್ರಿ ಇಳಿಸಿದರೆ ಅದು ಮರಳಿ ಹೀರಬಲ್ಲ ಶಾಖ ಸುಮಾರು 44 ಕಿಲೋಜೂಲ್. ಅದನ್ನು 14.7 ಕಿಲೋ ಗಾಳಿಗೆ ಹಂಚಿದರೆ ಗಾಳಿ ಇಳಿಯುವುದು ಮೂರು ಡಿಗ್ರಿ. ಅದೂ ಎಲ್ಲ ಶಾಖವೂ ಗಾಳಿಯಿಂದಲೇ ಬಂದರೆ. ನಮ್ಮಲ್ಲಿನ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಇಂಜೆಕ್ಟರ್ ಪೆಟ್ರೋಲನ್ನು ಸಿಂಪಡಿಸುವುದು ಕಾದ ವಾಲ್ವಿನ ಬೆನ್ನಿಗೆ. ಹನಿ ತನ್ನ ಶಾಖದ ದೊಡ್ಡ ಪಾಲನ್ನು ಆ ಕಬ್ಬಿಣದಿಂದ ಪಡೆಯುತ್ತದೆ. ಹೀಗಾಗಿ ಕಾಗದದ ಮೇಲಿನ ಶೇ 1ರ ಲಾಭ ರಸ್ತೆಯಲ್ಲಿ ಅಳೆಯಲೂ ಸಿಗದಷ್ಟು ಸಣ್ಣದಾಗುತ್ತದೆ. ಮಂಜುಗಡ್ಡೆಯ ಡಬ್ಬಿ ಹೊತ್ತ ಭಾರ, ಅರ್ಧ ಗಂಟೆಗೊಮ್ಮೆ ಕರಗುವ ಗಡ್ಡೆ ಇವುಗಳ ಲೆಕ್ಕ ಬೇರೆ.

ಇಲ್ಲಿ ಒಂದು ತಮಾಷೆಯಿದೆ. ಪೆಟ್ರೋಲ್ ಗಾಳಿಯನ್ನು ತಂಪು ಮಾಡುವುದು ತಾನು ತಣ್ಣಗಿರುವುದರಿಂದಲ್ಲ, ಆವಿಯಾಗುವಾಗ ಹೀರುವ ಶಾಖದಿಂದ. ಕಿಲೋ ಪೆಟ್ರೋಲ್ ಆವಿಯಾಗಲು ಸುಮಾರು 350 ಕಿಲೋಜೂಲ್ ಬೇಕು. ಎಥನಾಲಿಗೆ ಅದರ ಎರಡೂವರೆ ಪಟ್ಟು. ಹಾಗಾಗಿ ಎಲ್ಲರೂ ಬೈಯುತ್ತಿರುವ ಇ20 ಕಿಲೋಗೆ ನೂರಕ್ಕೂ ಹೆಚ್ಚು ಕಿಲೋಜೂಲ್ ಹೆಚ್ಚುವರಿಯಾಗಿ ಹೀರುತ್ತದೆ. ಮಂಜುಗಡ್ಡೆ ಮಾಡಬೇಕೆಂದಿದ್ದ ಕೆಲಸದ ಎರಡು ಪಟ್ಟಿಗೂ ಮಿಗಿಲು ತಂಪು ಎಥನಾಲ್ ರೂಪದಲ್ಲಿ ಟ್ಯಾಂಕಿನಲ್ಲೇ ಇದೆ. ಅದರಿಂದ ಪಿಕಪ್ ಹೆಚ್ಚಿದ್ದನ್ನು ಕಂಡವರು ಯಾರಾದರೂ ಇದ್ದಾರೆಯೇ?

ಮಡಿಕೇರಿ ಕದಿಯುವ ಪಾಲು

ಘಾಟಿಯಲ್ಲಿ ಕಾರು ಸೊರಗುವುದಕ್ಕೆ ಅಸಲಿ ಕಾರಣ ಎತ್ತರ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಮೇಲಿದೆ. ಅಲ್ಲಿ ವಾಯುಒತ್ತಡ ಕರಾವಳಿಗಿಂತ ಸುಮಾರು ಶೇ 13ರಷ್ಟು ಕಡಿಮೆ. ಬೆಟ್ಟದ ತಂಪು ಇದರಲ್ಲಿ ಒಂದಿಷ್ಟನ್ನು ತುಂಬಿಕೊಟ್ಟರೂ, ಟರ್ಬೊ ಇಲ್ಲದ ಎಂಜಿನ್ ಪ್ರತಿ ಉಸಿರಿಗೆ ಹತ್ತರಲ್ಲೊಂದು ಪಾಲು ಗಾಳಿಯನ್ನು ಕಳೆದುಕೊಂಡಿರುತ್ತದೆ. 80 ಅಶ್ವಶಕ್ತಿಯ ಕಾರು ಮಡಿಕೇರಿಯಲ್ಲಿ 72ರ ಆಸುಪಾಸಿನ ಕಾರು. ಪೆಟ್ರೋಲಿಗೆ ಎಷ್ಟು ಮಂಜು ಸುತ್ತಿದರೂ ಈ ಗಾಳಿ ಹಿಂದೆ ಬರುವುದಿಲ್ಲ. ಟರ್ಬೊ ಇರುವ ಕಾರು ಗಾಳಿಯನ್ನು ಒತ್ತಿ ತುಂಬುವುದರಿಂದ ಈ ನಷ್ಟವನ್ನು ಬಹುಪಾಲು ಮುಚ್ಚಿಕೊಳ್ಳುತ್ತದೆ. ಒಂದೇ ಘಾಟಿಯಲ್ಲಿ ಎರಡು ಕಾರುಗಳ ಅನುಭವ ಬೇರೆಬೇರೆಯಾಗುವುದು ಅದಕ್ಕೇ.

ತಂಪಿನ ನಂಬಿಕೆಗೆ ಇನ್ನೊಂದು ಬೇರೂ ಇದೆ. ಜನವರಿಯ ಮುಂಜಾವು, ಮಂಜು ಇನ್ನೂ ಕಾಫಿ ತೋಟದ ಮೇಲೆ ಕೂತಿರುವಾಗ 12 ಡಿಗ್ರಿ. ಅದೇ ದಿನ ಮಧ್ಯಾಹ್ನ 27. ಬೆಳಗಿನ ಗಾಳಿ ಮಧ್ಯಾಹ್ನದ್ದಕ್ಕಿಂತ ಶೇ 5ರಷ್ಟು ಸಾಂದ್ರ. ಬೆಳಿಗ್ಗೆ ಗಾಡಿ ಚುರುಕಾಗಿ ಎಳೆಯುತ್ತದೆ ಎಂಬ ಚಾಲಕರ ಮಾತು ಭ್ರಮೆಯಲ್ಲ. ಆ ಹೊತ್ತಿಗೆ ಟ್ಯಾಂಕಿನ ಪೆಟ್ರೋಲೂ ತಣ್ಣಗಿರುತ್ತದೆ, ಕೀರ್ತಿ ಅದಕ್ಕೆ ಹೋಗುತ್ತದೆ.

ರೇಸಿನವರು ಸುಮ್ಮನೆ ತಂಪು ಮಾಡುತ್ತಾರೆಯೇ?

ಗೋಣಿಕೊಪ್ಪ, ಪೊನ್ನಂಪೇಟೆ ಕಡೆ ಕೊಯ್ಲು ಮುಗಿದ ಗದ್ದೆಗಳಲ್ಲಿ ಆಟೋಕ್ರಾಸ್ ನಡೆಯುವ ಜಿಲ್ಲೆಯಿದು. ಮೋಟಾರು ಕ್ರೀಡೆ ಬಲ್ಲವರಿಂದ ಬರುವ ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಾರ್ಬ್ಯುರೇಟರ್ ಕಾಲದ ಡ್ರ್ಯಾಗ್ ರೇಸ್‌ಗಳಲ್ಲಿ ಮಂಜುಗಡ್ಡೆಯ ಡಬ್ಬಿಯೊಳಗೆ ಪೆಟ್ರೋಲ್ ಸುರುಳಿ ಹಾಯಿಸುವುದು ರೂಢಿಯಲ್ಲಿತ್ತು. ಫಾರ್ಮುಲಾ 1ರಲ್ಲಂತೂ ಇಂಧನವನ್ನು ಹೊರಗಿನ ತಾಪಕ್ಕಿಂತ 10 ಡಿಗ್ರಿಗೂ ಹೆಚ್ಚು ತಂಪು ಮಾಡಬಾರದೆಂಬ ನಿಯಮವೇ ಬಂತು. ಲಾಭವಿಲ್ಲದಿದ್ದರೆ ನಿಯಮವೇಕೆ?

ಈ ನಿಯಮ 2007ರ ವಿಶ್ವ ಚಾಂಪಿಯನ್‌ಶಿಪ್ಪನ್ನೇ ಅಲುಗಾಡಿಸಿತ್ತು. ಆ ವರ್ಷ ಅಕ್ಟೋಬರ್ 21ರಂದು ಬ್ರೆಜಿಲ್‌ನಲ್ಲಿ ನಡೆದ ಕೊನೆಯ ರೇಸಿನ ನಂತರ ಕಿಮಿ ರಾಯ್ಕೊನೆನ್ 110 ಅಂಕ, ಲೂಯಿಸ್ ಹ್ಯಾಮಿಲ್ಟನ್ ಮತ್ತು ಫರ್ನಾಂಡೊ ಅಲೊನ್ಸೊ ತಲಾ 109. ಅಷ್ಟರಲ್ಲಿ ಬಿಎಂಡಬ್ಲ್ಯು ಸೌಬರ್ ಮತ್ತು ವಿಲಿಯಮ್ಸ್ ತಂಡಗಳ ಕಾರುಗಳಲ್ಲಿ ಇಂಧನ ಮಿತಿಗಿಂತ ತಂಪಾಗಿತ್ತು ಎಂಬ ವರದಿ ಬಂತು. ಆ ಕಾರುಗಳು ನಾಲ್ಕು, ಐದು, ಆರನೇ ಸ್ಥಾನದಲ್ಲಿದ್ದವು, ಏಳನೆಯವ ಹ್ಯಾಮಿಲ್ಟನ್. ಅವರನ್ನು ಅನರ್ಹಗೊಳಿಸಿ ಹ್ಯಾಮಿಲ್ಟನ್‌ನನ್ನು ನಾಲ್ಕಕ್ಕೆ ಏರಿಸಿದ್ದರೆ ಪ್ರಶಸ್ತಿ ಅವನದಾಗುತ್ತಿತ್ತು. ಹೊರಗಿನ ತಾಪ ನಿಖರವಾಗಿ ಎಷ್ಟಿತ್ತು ಎಂಬುದರಲ್ಲೇ ಸಂಶಯವಿದೆಯೆಂದು ತೀರ್ಪುಗಾರರು ಶಿಕ್ಷೆ ವಿಧಿಸಲಿಲ್ಲ. ಮೆಕ್‌ಲಾರೆನ್ ತಂಡದ ಮೇಲ್ಮನವಿಯೂ ನವೆಂಬರ್‌ನಲ್ಲಿ ಬಿದ್ದುಹೋಯಿತು.

ಗಮನಿಸಬೇಕಾದುದು ಇಷ್ಟು: ಆಗ ರೇಸಿನ ನಡುವೆ ಇಂಧನ ತುಂಬಿಸುತ್ತಿದ್ದರು, ತುಂಬುವ ಯಂತ್ರದ ವೇಗಕ್ಕೆ ಲೀಟರ್ ಲೆಕ್ಕದಲ್ಲಿ ಮಿತಿಯಿತ್ತು. ತಂಪು ಇಂಧನವೆಂದರೆ ಅಷ್ಟೇ ಸೆಕೆಂಡಿನಲ್ಲಿ ಹೆಚ್ಚು ಕಿಲೋ, ಅಂದರೆ ತುಂಬಿಸಲು ನಿಲ್ಲುವ ಜಾಗವಾದ ಪಿಟ್‌ನಲ್ಲಿ ಕಳೆಯುವ ಕಾಲದಲ್ಲಿ ಚೂರು ಉಳಿತಾಯ. ಸೆಕೆಂಡಿನ ಸಾವಿರದ ಭಾಗಕ್ಕೆ ಕೋಟಿಗಟ್ಟಲೆ ಸುರಿಯುವವರಿಗೆ ಶೇ 0.5 ಕೂಡ ದೊಡ್ಡ ಲಾಭ. ಮಡಿಕೇರಿಯಿಂದ ಕುಶಾಲನಗರಕ್ಕೆ ಹೋಗುವವನಿಗೆ ಆನೆಕಾಡಿನ ಬಳಿ ಒಂದು ಆನೆ ರಸ್ತೆ ದಾಟಿದರೆ ಆ ಲೆಕ್ಕವೆಲ್ಲ ಅಲ್ಲಿಗೇ ಮುಗಿಯಿತು.

ಇ20ಯ ನಷ್ಟವನ್ನು ತಂಪು ತುಂಬಬಲ್ಲದೆ?

ಮೈಲೇಜ್ ಇಳಿದಿದೆ ಎಂಬ ದೂರಿಗೆ ಆಧಾರವಿದೆ. ಲೀಟರ್ ಎಥನಾಲಿನಲ್ಲಿ ಲೀಟರ್ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ ಶಕ್ತಿಯಿದೆ. ಐದರಲ್ಲೊಂದು ಭಾಗ ಎಥನಾಲ್ ಬೆರೆಸಿದರೆ ಒಟ್ಟು ಶಕ್ತಿ ಶೇ 6–7ರಷ್ಟು ಇಳಿಯಬೇಕು. 2021ರ ನೀತಿ ಆಯೋಗದ ಮಾರ್ಗಸೂಚಿ ವರದಿ ಕೂಡ, ಎಥನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಿಗೆ ಇದೇ ಶೇ 6–7ರ ನಷ್ಟವನ್ನು ಅಂದಾಜಿಸಿತ್ತು; ಇ10ಕ್ಕೆ ವಿನ್ಯಾಸಗೊಂಡು ಇ20ಗೆ ಹೊಂದಿಸಿದವಕ್ಕೆ ಶೇ 1–2. ಎಥನಾಲಿನಿಂದ ಆಕ್ಟೇನ್ (ಒತ್ತಡಕ್ಕೆ ಅಕಾಲದಲ್ಲಿ ಹೊತ್ತಿಕೊಳ್ಳದಿರುವ ಗುಣ) ಹೆಚ್ಚುತ್ತದೆ ಎಂಬ ಸರ್ಕಾರದ ವಾದವೂ ಸುಳ್ಳಲ್ಲ. ಆದರೆ ಹೆಚ್ಚಿನ ಆಕ್ಟೇನ್ ಫಲ ಕೊಡುವುದು ಅದನ್ನು ಬಳಸಿಕೊಳ್ಳುವಂತೆ ಕಟ್ಟಿದ ಎಂಜಿನ್‌ನಲ್ಲಿ. ಹಳೆಯ ಕಾರಿನವನಿಗೆ ನಷ್ಟ ನಗದು, ಲಾಭ ಉದ್ರಿ.

ಈ ಶೇ 6ರ ಕೊರತೆಯನ್ನು ಬರೀ ತಂಪಿನಿಂದ ತುಂಬಬೇಕಾದರೆ ಪೆಟ್ರೋಲನ್ನು 50–60 ಡಿಗ್ರಿ ಇಳಿಸಬೇಕು. 30 ಡಿಗ್ರಿಯ ಪೆಟ್ರೋಲ್ ಮೈನಸ್ 20, ಮೈನಸ್ 30ಕ್ಕೆ! ಅಷ್ಟು ಮಾಡಿದರೂ ಮೈಲೇಜ್ ಏರುವುದಿಲ್ಲ. ಏಕೆಂದರೆ ಬಂಕಿನಲ್ಲಿ ಲೀಟರ್ ಅಳೆದು, ಹಣ ಕೊಟ್ಟು ಆದ ಮೇಲೆ ತಂಪು ಮಾಡುತ್ತಿದ್ದೇವೆ. ಕೊಂಡ ಪೆಟ್ರೋಲ್ ಕುಗ್ಗಿ ಸಾಂದ್ರವಾಗಬಹುದು, ತೂಕ ಹೆಚ್ಚುವುದಿಲ್ಲ. ಪಾತ್ರೆಯಲ್ಲಿದ್ದ ತುಪ್ಪ ಚಳಿಗೆ ಗಟ್ಟಿಯಾದರೆ ತುಪ್ಪ ಜಾಸ್ತಿಯಾದಂತಲ್ಲ.

ಇನ್ನು ಎಥನಾಲ್ ಸ್ವಭಾವತಃ ಚಳಿಯಲ್ಲಿ ಆವಿಯಾಗಲು ಒಲ್ಲೆನ್ನುವ ದ್ರವ. ಎಥನಾಲಿನಲ್ಲೇ ಕಾರು ಓಡಿಸುವ ಬ್ರೆಜಿಲ್‌ನಲ್ಲಿ ಎಂಜಿನಿಯರರು ಮಾಡಿದ್ದು ತದ್ವಿರುದ್ಧ ಕೆಲಸ: 2009ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಪೋಲೊ ಇ-ಫ್ಲೆಕ್ಸ್ ಕಾರಿನಲ್ಲಿ ಚಳಿಯ ಬೆಳಿಗ್ಗೆ ಎಂಜಿನ್ ಹತ್ತಿಕೊಳ್ಳಲೆಂದು ಇಂಧನವನ್ನು ಬಿಸಿ ಮಾಡುವ ವ್ಯವಸ್ಥೆ ಇತ್ತು. ಸೋಮವಾರಪೇಟೆಯ ಚಳಿಯಲ್ಲಿ ಇ20ಯನ್ನು ಇನ್ನಷ್ಟು ತಂಪು ಮಾಡಿದವನು ಏನಾದರೂ ಪಡೆದರೆ ಅದು ಬೆಳಗಿನ ಸ್ಟಾರ್ಟಿಂಗ್ ತೊಂದರೆಯನ್ನು.

ತಾಪ ಹಣವಾಗುವ ಜಾಗ

ಪೆಟ್ರೋಲಿನ ತಾಪಕ್ಕೆ ಬೆಲೆ ಇರುವುದು ಎಂಜಿನ್‌ಗಿಂತ ಹೆಚ್ಚಾಗಿ ಲೆಕ್ಕದ ಪುಸ್ತಕದಲ್ಲಿ. ನಮ್ಮ ಬಂಕುಗಳು ಮಾರುವುದು ಲೀಟರಿನಲ್ಲಿ. ತಾಪಕ್ಕೆ ತಕ್ಕಂತೆ ಲೀಟರನ್ನು ತಿದ್ದಿಕೊಳ್ಳುವ ಮೀಟರುಗಳಲ್ಲ ಅವು. ಬಯಲಿನ ಬಿಸಿಯಲ್ಲಿ ತುಂಬಿದ 12,000 ಲೀಟರಿನ ಟ್ಯಾಂಕರ್ ಬೆಟ್ಟ ಹತ್ತಿ 10 ಡಿಗ್ರಿ ತಂಪಾದರೆ, ಒಂದು ಹನಿಯೂ ಸೋರದೆ 120ರಿಂದ 145 ಲೀಟರ್ ‘ಮಾಯ’ವಾಗುತ್ತದೆ. ಬೆಟ್ಟದ ಬಂಕ್ ಮಾಲೀಕನಿಗೆ ಇದು ನಷ್ಟ. ಅಲ್ಲಿ ತುಂಬಿಸುವ ಗ್ರಾಹಕನಿಗೆ ಲೀಟರಿಗೆ ತೂಕದಲ್ಲಿ ಶೇ 1ರಷ್ಟು ಹೆಚ್ಚು ಪೆಟ್ರೋಲ್. ತಂಪಿನ ಲಾಭ ಬೇಕೆನ್ನುವವರಿಗೆ ಕೊಡಗು ಅದನ್ನು ಪುಕ್ಕಟೆಯಾಗಿಯೇ ಕೊಡುತ್ತಿದೆ.

ಹಾಗೆಂದು ಮುಂಜಾನೆಯೇ ಬಂಕಿಗೆ ಓಡಬೇಕಾಗಿಲ್ಲ. ಬಂಕಿನ ಟ್ಯಾಂಕ್ ಇರುವುದು ನೆಲದಡಿಯಲ್ಲಿ. ಹಗಲು ರಾತ್ರಿಗಳ ಏರಿಳಿತ ಅಲ್ಲಿಗೆ ತಲುಪುವುದು ಕಡಿಮೆ. ಅನುಮಾನವಿದ್ದವರು ಸಾಂದ್ರತೆಯನ್ನು ತೋರಿಸಿ ಎಂದು ಕೇಳಬಹುದು. ಬಂಕಿನವರು ಗಾಜಿನ ಜಾಡಿಗೆ ಅರ್ಧ ಲೀಟರಿನಷ್ಟು ಪೆಟ್ರೋಲ್ ಹಿಡಿದು ಹೈಡ್ರೋಮೀಟರನ್ನು ತೇಲಿಬಿಡುತ್ತಾರೆ, ಪಕ್ಕದಲ್ಲಿ ಥರ್ಮಾಮೀಟರ್ ಇಳಿಸುತ್ತಾರೆ, ಎರಡೂ ಅಂಕಿಗಳನ್ನು ಕೋಷ್ಟಕದಲ್ಲಿ ಹುಡುಕಿ 15 ಡಿಗ್ರಿಯ ಸಾಂದ್ರತೆಗೆ ಪರಿವರ್ತಿಸುತ್ತಾರೆ. ಟ್ಯಾಂಕರಿನ ಚಲನ್‌ನಲ್ಲಿದ್ದ ಅಂಕಿಗೂ ಇದಕ್ಕೂ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ವ್ಯತ್ಯಾಸ ಬಂದರೆ ಪ್ರಶ್ನಿಸಲು ಕಾರಣವಿದೆ. ತಾಪವನ್ನು ಲೆಕ್ಕದಿಂದ ಹೊರಗಿಡಲೆಂದೇ ಇರುವ ಪರೀಕ್ಷೆಯಿದು.

ಸುರುಳಿಯ ನಿಜವಾದ ವೆಚ್ಚ

ಕಾರ್ಖಾನೆಯಲ್ಲಿ ಜೋಡಿಸಿದ ಇಂಧನ ಪೈಪನ್ನು ಕತ್ತರಿಸಿ ಸುರುಳಿ ಸೇರಿಸಿದರೆ ಕನಿಷ್ಠ ಎರಡು ಹೊಸ ಜೋಡಣೆಗಳು, ಅದೂ ಒತ್ತಡವಿರುವ ಪೈಪಿನಲ್ಲಿ, ಕಾದ ಎಂಜಿನ್‌ನ ಪಕ್ಕದಲ್ಲಿ. ಘಾಟಿಯ ಕುಲುಕಾಟಕ್ಕೆ ಒಂದು ಕ್ಲಿಪ್ ಸಡಿಲವಾದರೆ ಸಾಕು, ಬೆಂಕಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಗಳನ್ನು ನಿರ್ಬಂಧಿಸುತ್ತದೆ. ವಾರಂಟಿ ನಿರಾಕರಿಸಲೂ, ವಿಮೆಯ ಕ್ಲೇಮಿಗೆ ತಕರಾರು ತೆಗೆಯಲೂ ಕಂಪನಿಗಳಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ.

ಡೀಸೆಲ್‌ಗೆ ಬೇರೆ ಮಾತು

ತಂಪಿನ ವಾದಕ್ಕೆ ಸ್ವಲ್ಪ ಹುರುಳಿರುವುದು ಡೀಸೆಲ್‌ನಲ್ಲಿ. ಡೀಸೆಲ್ ಎಂಜಿನ್‌ನಲ್ಲಿ ಗಾಳಿ ಯಾವಾಗಲೂ ಅಗತ್ಯಕ್ಕಿಂತ ಹೆಚ್ಚೇ ಇರುತ್ತದೆ. ಬಲವನ್ನು ನಿರ್ಧರಿಸುವುದು ಇಂಧನ. ಹಳೆಯ ಯಾಂತ್ರಿಕ ಪಂಪ್ ಅಳೆಯುವುದು ಗಾತ್ರವನ್ನು. ಡೀಸೆಲ್ ಬಿಸಿಯಾಗಿ ಹಿಗ್ಗಿದರೆ ಅಷ್ಟೇ ಗಾತ್ರದಲ್ಲಿ ಕಡಿಮೆ ತೂಕ ಹೋಗುತ್ತದೆ, ತೆಳ್ಳಗಾದುದರಿಂದ ಪಂಪಿನ ಸಂದುಗಳಲ್ಲಿ ಜಾರುವುದೂ ಹೆಚ್ಚುತ್ತದೆ. ಬಿಸಿಯೇರಿದ ಡೀಸೆಲ್ ಮತ್ತೆ ಐದಾರು ಡಿಗ್ರಿ ಏರಿದರೆ ಬಲ ಸುಮಾರು ಶೇ 1ರಷ್ಟು ಇಳಿಯುತ್ತದೆ ಎಂಬ ಅಂದಾಜು ಲೆಕ್ಕ ಈ ಕಸುಬಿನಲ್ಲಿ ಬಹುಕಾಲದಿಂದ ಇದೆ. ಈಗಿನ ಕಾಮನ್ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಒತ್ತಡದ ಕೊಳವೆಯಿರುವ) ಎಂಜಿನ್‌ಗಳಲ್ಲಿ ಭಾರೀ ಒತ್ತಡದಿಂದ ಕಾದ ಡೀಸೆಲ್ ಟ್ಯಾಂಕಿಗೆ ಮರಳುವುದರಿಂದ ಹಲವು ವಾಹನಗಳಿಗೆ ತಯಾರಕರೇ ತಳಭಾಗದಲ್ಲಿ ಇಂಧನ ಕೂಲರ್ ಕೊಡುತ್ತಾರೆ. ಹೆಚ್ಚಿನ ಬಲಕ್ಕಲ್ಲ, ಪಂಪ್ ಉಳಿಯಲೆಂದು. ಅದಕ್ಕೆ ಎಣ್ಣೆಯಂತೆ ಜಾರುಗೊಡುವುದೂ ಡೀಸೆಲ್ಲೇ. ಅದು ತೆಳ್ಳಗಾದರೆ ಲೋಹ ಲೋಹಕ್ಕೆ ಉಜ್ಜುತ್ತದೆ.

ಕೊಡಗಿನಲ್ಲಿ ಇದನ್ನು ಹತ್ತಿರದಿಂದ ನೋಡಬಹುದಾದ ಕಾಲ ಫೆಬ್ರವರಿ–ಮಾರ್ಚ್. ಹೂಮಳೆಗೆ ಕಾಯದೆ ರೋಬಸ್ಟಾ ತೋಟಗಳಿಗೆ ತುಂತುರು ನೀರು ಹಾಯಿಸುವ ದಿನಗಳವು. ಕೆರೆಯ ದಂಡೆಯಲ್ಲಿ, ಮರದ ನೆರಳು ಸರಿದ ಜಾಗದಲ್ಲಿ ಡೀಸೆಲ್ ಪಂಪ್‌ಸೆಟ್ ಬೆಳಗಿನಿಂದ ಪೂರ್ಣ ಹೊರೆಯಲ್ಲಿ ಓಡುತ್ತಿರುತ್ತದೆ. ಮೇಲೆ ಬಿಸಿಲು, ಕೆಳಗೆ ಎಂಜಿನ್, ಜೊತೆಗೆ ಇಂಜೆಕ್ಟರಿನಿಂದ ಮರಳುವ ಬಿಸಿ ಡೀಸೆಲ್. ಟ್ಯಾಂಕ್ ಬರಿದಾಗುತ್ತ ಬಂದಷ್ಟೂ ಉಳಿದ ಡೀಸೆಲ್ ಬೇಗ ಕಾಯುತ್ತದೆ. ಕೈಯಿಟ್ಟರೆ ಚುರುಕ್ ಎನ್ನುತ್ತದೆ. ಹೀಗೆ ಕಳೆದುಹೋಗುವ ನಾಲ್ಕೈದು ಶೇಕಡಾ ಬಲದಿಂದ ಜೆಟ್ಟಿನ ನೀರು ಬೀಳುವ ದೂರದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಬರಲಿಕ್ಕಿಲ್ಲ, ಆದರೆ ಇಂಧನ ಪಂಪಿನ ಸವೆತ ಪ್ರತಿ ಹಂಗಾಮಿಗೂ ಕೂಡುತ್ತ ಹೋಗುತ್ತದೆ. ಮಧ್ಯಾಹ್ನಕ್ಕೆ ಮೊದಲು ಎಂಜಿನ್ ನಿಲ್ಲಿಸಿ ಟ್ಯಾಂಕ್ ತುಂಬಿಸಿಕೊಂಡು, ಮೇಲೊಂದು ತಗಡಿನ ಚಪ್ಪರ ನಿಲ್ಲಿಸಿದರೆ ಆಯಿತು. ಮಂಜುಗಡ್ಡೆಯ ಡಬ್ಬಿ ಅಲ್ಲಿಗೂ ಬೇಕಾಗಿಲ್ಲ.